ನಡುವಿನ ಕುರ್ಚಿ

ಸಿನಿಮಾ ಮುಗಿದು ಪರದೆಯ ಮೇಲೆ ಹೆಸರುಗಳು ಏರುತ್ತಿದ್ದವು. ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಅವರ ಕಾಲಬುಡದಲ್ಲಿ ಚಾಪೆ ಹಾಕಿಕೊಂಡು ಕೂತಿದ್ದ ನನ್ನ ಗಂಟಲೂ ಕಟ್ಟಿತ್ತು. ಆಗ ಎಡಗಡೆಯ ಕುರ್ಚಿಯಿಂದ ಅಮ್ಮ ಕೇಳಿದಳು: "ಅಲ್ಲ, ಆ ಹುಡುಗ ಕೊನೆಗೆ ಏನಂದ?"

ಸಾಯುವ ಮುಂಚೆ ಮಗ ತಾಯಿಯ ಕಿವಿಯಲ್ಲಿ ಹೇಳುವ ಒಂದು ಮಾತು ಅದು. ಎರಡೂವರೆ ಗಂಟೆಯ ಚಿತ್ರ ನಿಂತದ್ದೇ ಆ ಮಾತಿನ ಮೇಲೆ. ಸುತ್ತ ಜೋರು ಮಳೆ, ಗುಡುಗು. ನಡುವೆ ಒಂದು ಪಿಸುಮಾತು. ಅಪ್ಪನಿಗೆ ಕೇಳಿಸಿತ್ತು, ನನಗೂ ಕೇಳಿಸಿತ್ತು. ಮೂರಡಿ ಆಚೆ ಕೂತಿದ್ದ ಅಮ್ಮನಿಗೆ ಬರೀ ಮಳೆ ಕೇಳಿಸಿತ್ತು.

"ನಿನ್ನ ಗಮನ ಎಲ್ಲಿತ್ತು?" ಎಂದರು ಅಪ್ಪ.

"ನಂಗೆ ಈ ರೂಮಲ್ಲಿ ಮಾತು ಯಾವತ್ತು ಕೇಳ್ಸಿದೆ ಹೇಳಿ," ಎನ್ನುತ್ತ ಅಮ್ಮ ಎದ್ದು ಕೆಳಗೆ ಅಡುಗೆಮನೆಗೆ ಹೋದಳು.

ಅವಳ ದನಿಯಲ್ಲಿ ದೂರಿರಲಿಲ್ಲ. ಇವತ್ತು ಸಾರಿಗೆ ಉಪ್ಪು ಒಂಚೂರು ಮುಂದಾಗಿದೆ ಅನ್ನುವಷ್ಟು ಸಹಜವಾಗಿ ಹೇಳಿದ್ದಳು. ನನ್ನನ್ನು ಕಲಕಿದ್ದು ಅದೇ. ಏಕೆಂದರೆ ಆ ಕೋಣೆಯ ಸ್ಪೀಕರುಗಳನ್ನು ಅಪ್ಪನ ಜೊತೆ ಹೋಗಿ ಆರಿಸಿದವಳು, ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದವಳು, ಧ್ವನಿಯ ಮಟ್ಟ ಹೊಂದಿಸಿದವಳು ನಾನು. ಎರಡು ವರ್ಷ ಅಮ್ಮ ಅಲ್ಲಿ ಕೂತು ಸಿನಿಮಾ ನೋಡಿದ್ದಾಳೆ, ಮಾತು ಕೇಳದೆ ನೋಡಿದ್ದಾಳೆ. ನಾನು ಪಿಎಚ್.ಡಿ.ಗೆ ಆರಿಸಿಕೊಂಡಿರುವ ವಿಷಯ ನ್ಯಾಯದ ಪರಿಕಲ್ಪನೆ. ಎರಡನ್ನೂ ಅಕ್ಕಪಕ್ಕ ಬರೆಯಲು ನಾಚಿಕೆಯಾಗುತ್ತದೆ.

ಶಿವಮೊಗ್ಗದ ನಮ್ಮ ಮನೆಯ ಮಹಡಿಯಲ್ಲಿರುವ ಆ ಕೋಣೆ 10 ಅಡಿ ಅಗಲ, 14 ಅಡಿ ಉದ್ದ. ಒಂದು ಕಾಲಕ್ಕೆ ಅದು ನಾನು ಓದುತ್ತಿದ್ದ ಕೋಣೆ. ನಾನು ಮೈಸೂರಿಗೆ ಹೋದಮೇಲೆ ಖಾಲಿ ಬಿದ್ದಿತ್ತು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಅಪ್ಪ ತಮಗಾಗಿ ಅಂತ ಮಾಡಿಕೊಂಡ ದೊಡ್ಡ ಖರ್ಚು ಆ ಹೋಮ್ ಥಿಯೇಟರ್ ಒಂದೇ. ಅವರು ಚಿಕ್ಕವರಿದ್ದಾಗ ಊರಿಗೆ ಟೂರಿಂಗ್ ಟಾಕೀಸ್ ಬರುತ್ತಿತ್ತು. ಟೆಂಟಿನೊಳಗೆ ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ಅಪ್ಪನದು ಯಾವಾಗಲೂ ನೆಲ. ಪರದೆಯ ಬುಡದಲ್ಲಿ ಕೂತು ಕತ್ತೆತ್ತಿ ನೋಡಿ ನೋಡಿ ಮಾರನೆಯ ದಿನ ಕುತ್ತಿಗೆ ತಿರುಗುತ್ತಿರಲಿಲ್ಲವಂತೆ. "ಸಾಯೋದರೊಳಗೆ ಒಂದ್ಸಲ ಸರಿಯಾಗಿ ನಡುವೆ ಕೂತು ಸಿನಿಮಾ ನೋಡ್ಬೇಕು ಕಣೇ," ಎಂದು ಅವರು ಹೇಳಿದಾಗ ನನಗೆ ಅದು ಆಸೆಯಂತೆ ಕೇಳಲಿಲ್ಲ, ಬಹಳ ದಿನದಿಂದ ಬರಬೇಕಿದ್ದ ಬಾಕಿಯಂತೆ ಕೇಳಿತ್ತು.

ನಾವು ತಂದದ್ದು 5.1 ವ್ಯವಸ್ಥೆ. ಮುಂದೆ ಎಡಕ್ಕೊಂದು, ಬಲಕ್ಕೊಂದು, ನಡುವೆ ಸೆಂಟರ್ ಸ್ಪೀಕರ್. ಪಕ್ಕದ ಗೋಡೆಗಳಲ್ಲಿ ಎರಡು ಸರೌಂಡ್. ತಗ್ಗು ಸ್ವರಗಳಿಗೆ ಮಾತ್ರ ಮೀಸಲಾದ ಸಬ್‌ವೂಫರ್, ಅದೇ ಆ '.1'. ಚಿತ್ರದ ಮಾತುಕತೆಯ ಬಹುಪಾಲು ಬರುವುದು ಸೆಂಟರಿನಿಂದ. ಮಳೆ, ಗಾಳಿ, ಜಾತ್ರೆಯ ಗದ್ದಲ, ಹಿಂದಿನಿಂದ ಬರುವ ಕುದುರೆಯ ಸದ್ದು ಸರೌಂಡಿನ ಪಾಲು. ಇವನ್ನು ಎಲ್ಲಿಡಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸೇ ಇದೆ. ಮುಂದಿನ ಎರಡು ಸ್ಪೀಕರುಗಳು ನಡುಗೆರೆಯಿಂದ 30 ಡಿಗ್ರಿ ಆಚೀಚೆ. ಸರೌಂಡುಗಳು 100ರಿಂದ 120 ಡಿಗ್ರಿಯೊಳಗೆ, ಎಂದರೆ ಕಿವಿಯ ನೇರಕ್ಕಿಂತ ತುಸು ಹಿಂದೆ. ಸರೌಂಡನ್ನು ಕೂತವರ ಕಿವಿಗಿಂತ ಎರಡಡಿ ಮೇಲಿಡಿ ಎಂಬುದು ಸಾಮಾನ್ಯವಾಗಿ ಕೊಡುವ ಸಲಹೆ.

ಯಾರಿಂದ 30 ಡಿಗ್ರಿ? ಯಾರ ಕಿವಿಗಿಂತ ಎರಡಡಿ ಮೇಲೆ? ಅಳತೆಪಟ್ಟಿ ಹಿಡಿದು ಗೋಡೆಯ ಮುಂದೆ ನಿಂತಿದ್ದ ದಿನ ಈ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಕೈಪಿಡಿಯ ಚಿತ್ರದಲ್ಲಿ ಸೋಫಾ ಬರೆದಿದ್ದರೂ ಗೆರೆಗಳೆಲ್ಲ ಹೋಗಿ ಕೂಡುವುದು ಅದರ ನಡುವೆ ಇರುವ ಒಂದೇ ತಲೆಯಲ್ಲಿ. ತಂತ್ರಜ್ಞರು ಆ ಜಾಗಕ್ಕೆ 'ಸ್ವೀಟ್ ಸ್ಪಾಟ್' ಅನ್ನುತ್ತಾರೆ. ಎಲ್ಲ ಸ್ಪೀಕರುಗಳ ಧ್ವನಿ ಸರಿಯಾದ ಪ್ರಮಾಣದಲ್ಲಿ, ಸರಿಯಾದ ಹೊತ್ತಿಗೆ ಬಂದು ಸೇರುವ ಜಾಗ. ಕೋಣೆ ಎಷ್ಟೇ ದೊಡ್ಡದಿರಲಿ, ಆ ಜಾಗ ಚಿಕ್ಕದು. ಹಾಗಾದರೆ ಅದು ಯಾರದು? ಅಲ್ಲಿ ಕೂರದವರ ಋಣವನ್ನು ತೀರಿಸುವುದು ಹೇಗೆ? ಈ ಪ್ರಶ್ನೆ ಹುಟ್ಟಲು ಅಮ್ಮ ಆ ಮಳೆಯ ಬಗ್ಗೆ ಬಾಯಿಬಿಡಬೇಕಾಯಿತು.

ಅಂದು ಅಂಗಡಿಯಲ್ಲಿ ಎರಡು ಬಗೆಯ ಸರೌಂಡ್ ಸ್ಪೀಕರ್ ತೋರಿಸಿದ್ದರು. ಒಂದು, ನೇರವಾಗಿ ಕೇಳುಗನತ್ತ ಮುಖ ಮಾಡಿ ಧ್ವನಿ ಎಸೆಯುವಂಥದ್ದು. ಇನ್ನೊಂದು ಡೈಪೋಲ್. ಅದರ ಎರಡು ಮುಖಗಳು ಗೋಡೆಯ ಉದ್ದಕ್ಕೂ ಹಿಂದಕ್ಕೆ ಮುಂದಕ್ಕೆ ಧ್ವನಿ ಕಳಿಸುತ್ತವೆ. ಕೇಳುಗರ ನೇರಕ್ಕೆ ಬರುವಷ್ಟರಲ್ಲಿ ಅವೆರಡೂ ಒಂದನ್ನೊಂದು ಬಹುಮಟ್ಟಿಗೆ ಅಳಿಸಿಬಿಡುತ್ತವೆ. ಉಳಿಯುವುದು ಗೋಡೆಗಳಿಗೆ ಬಡಿದು ಚದುರಿದ ಸದ್ದು. ಮಳೆ ಎಲ್ಲಿಂದ ಬರುತ್ತಿದೆ ಎಂದು ಬೆರಳು ಮಾಡಿ ತೋರಿಸಲಾಗುವುದಿಲ್ಲ, ಹಾಗೆಯೇ ಪಕ್ಕದಲ್ಲೇ ಕೂತವರ ಕಿವಿಯ ಮೇಲೂ ಅದು ಬೀಳುವುದಿಲ್ಲ. "ಗುಂಡು ಕಿವಿ ಪಕ್ಕದಲ್ಲೇ ಸುಂಯ್ ಅಂತ ಹೋಗ್ಬೇಕು," ಎಂದರು ಅಪ್ಪ. ನೇರ ಹೊಡೆಯುವುದನ್ನೇ ತಂದೆವು. ಯಾರ ಕಿವಿಯ ಪಕ್ಕದಲ್ಲಿ ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ.

ಮೂರು ಕುರ್ಚಿ ಹಾಕಿದೆವು. ನಡುವಿನದು ಅಪ್ಪನದು. ಬಲಗಡೆಯದರ ಮೇಲೆ ಬಹುತೇಕ ದಿನ ಮಡಿಚಬೇಕಾದ ಬಟ್ಟೆಯ ರಾಶಿ. ಎಡಗಡೆಯದು ಬಾಗಿಲ ಪಕ್ಕ, ಆದ್ದರಿಂದ ಅಮ್ಮನದು. ಕುಕ್ಕರ್ ಕೂಗಿದರೆ, ಕರೆಗಂಟೆ ಬಾರಿಸಿದರೆ, ಯಾರಿಗಾದರೂ ನೀರು ಬೇಕಾದರೆ ಏಳಬೇಕಾದವಳು ಅವಳೇ ಎಂದು ಯಾರೂ ತೀರ್ಮಾನಿಸಿರಲಿಲ್ಲ, ಯಾರಿಗೂ ಸಂಶಯವೂ ಇರಲಿಲ್ಲ. ಈ ಬರಹದಲ್ಲೇ ನೋಡಿ, ಅಪ್ಪನಿಗೆ ಬಹುವಚನ ಹಾಕುತ್ತಿದ್ದೇನೆ, ಅಮ್ಮನಿಗೆ ಏಕವಚನ. ನಮ್ಮ ಮನೆಯಲ್ಲಿ ಅದು ಸಲುಗೆಯೆಂದೇ ಬೆಳೆದದ್ದು. ಸಲುಗೆ ಹೌದು. ಆದರೆ ಬಾಗಿಲ ಪಕ್ಕದ ಕುರ್ಚಿಯನ್ನೂ ನಾವು ಸಲುಗೆಯಿಂದಲೇ ಕೊಟ್ಟಿದ್ದೆವು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಈಗಿನ ರಿಸೀವರುಗಳ ಜೊತೆ ಒಂದು ಪುಟ್ಟ ಮೈಕ್ ಕೊಡುತ್ತಾರೆ. ಅದನ್ನು ಕೂರುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ನಿಲ್ಲಿಸಿದರೆ ಒಂದೊಂದೇ ಸ್ಪೀಕರಿನಿಂದ ಸದ್ದು ಹೊರಡಿಸಿ, ದೂರವನ್ನೂ ಮಟ್ಟವನ್ನೂ ಅದೇ ಅಳೆದು ಹೊಂದಿಸಿಕೊಳ್ಳುತ್ತದೆ. ನಮ್ಮದು ಮೊದಲ ಜಾಗದ ಅಳತೆ ಮುಗಿಸಿ, ಮೈಕನ್ನು ಎರಡನೆಯ ಜಾಗಕ್ಕೆ ಸರಿಸಿ ಎಂದು ಕೇಳಿತು. ಅಂದು ರಾತ್ರಿ ನನಗೆ ಮೈಸೂರಿನ ಬಸ್ಸಿತ್ತು. 'ಸಾಕು, ಮುಗಿಸು' ಎಂಬುದನ್ನು ಒತ್ತಿದೆ. ಅಪ್ಪನ ಕುರ್ಚಿಯ ಅಳತೆಯೇ ಇಡೀ ಕೋಣೆಯ ಅಳತೆಯಾಯಿತು.

ಅದಕ್ಕೆ ಇನ್ನೊಂದನ್ನು ಸೇರಿಸಿದೆ. ಮುಂದಿನ ಸಲ ಊರಿಗೆ ಹೋದಾಗ ಅಪ್ಪ, "ಎಡಗಡೆ ಸರೌಂಡು ಡಲ್ಲು," ಎಂದರು. ಪರೀಕ್ಷಿಸುವ ಗೋಜಿಗೆ ಹೋಗದೆ ಆ ಒಂದು ಸ್ಪೀಕರನ್ನು 4 ಡೆಸಿಬಲ್ ಏರಿಸಿದೆ. ಅವರಿಗೆ ಸಮಾಧಾನವಾಯಿತು.

ಲೆಕ್ಕ ಹೀಗಿದೆ. ಎಡಗೋಡೆಯ ಸ್ಪೀಕರಿನಿಂದ ಅಪ್ಪನ ಕಿವಿಗೆ ಸುಮಾರು ಐದೂವರೆ ಅಡಿ, ಅಮ್ಮನ ಕಿವಿಗೆ ಮೂರಡಿಗೂ ಕಡಿಮೆ. ತೆರೆದ ಬಯಲಿನಲ್ಲಿ ದೂರ ಅರ್ಧವಾದರೆ ಧ್ವನಿಯ ಮಟ್ಟ 6 ಡೆಸಿಬಲ್ ಏರುತ್ತದೆ. ಕೋಣೆಯೊಳಗೆ ಗೋಡೆಗಳ ದೆಸೆಯಿಂದ ತುಸು ಕಡಿಮೆ. ಅದರ ಮೇಲೆ ನಾನು ಏರಿಸಿದ 4. ಎಲ್ಲ ಸೇರಿ ಹತ್ತರ ಹತ್ತಿರ. 10 ಡೆಸಿಬಲ್ ಏರಿಕೆ ಮನುಷ್ಯರ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರಾಗಿ ಕೇಳುತ್ತದೆ. ಪಿಸುಮಾತನ್ನು ಮುಚ್ಚಲು ಅಷ್ಟು ಧಾರಾಳವಾಗಿ ಸಾಕು. ಸೆಂಟರ್ ಸ್ಪೀಕರನ್ನೋ ನಾವು ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆಯಲ್ಲಿ, ಅದೂ ಒಳಕ್ಕೆ ತಳ್ಳಿ ಇಟ್ಟಿದ್ದೆವು. ಅದು ನಮ್ಮ ಮೊಣಕಾಲಿನ ಜೊತೆ ಮಾತಾಡುತ್ತಿತ್ತು.

ಸೆಂಟರ್ ಸ್ಪೀಕರ್ ಏಕೆ ಹುಟ್ಟಿತು ಎಂದು ಆಮೇಲೆ ಓದಿದಾಗ ನನ್ನ ಮುಜುಗರ ಇನ್ನೂ ಹೆಚ್ಚಿತು. 1931ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲಮ್‌ಲೈನ್ ಎರಡು ಮಾರ್ಗಗಳ ಸ್ಟೀರಿಯೋ ಧ್ವನಿಗೆ ಪೇಟೆಂಟ್ ಅರ್ಜಿ ಹಾಕಿದರು. ಎರಡೂ ಸ್ಪೀಕರುಗಳಲ್ಲಿ ಒಂದೇ ದನಿ ಬಂದರೆ, ನಡುವೆ ಕೂತವರಿಗೆ ಅದು ಎರಡರ ಮಧ್ಯದ ಬರಿಯ ಗಾಳಿಯಿಂದ ಬಂದಂತೆ ಕೇಳುತ್ತದೆ. ಆದರೆ ಪಕ್ಕಕ್ಕೆ ಸರಿದು ಕೂತವರಿಗೆ ಆ ಮಾಯೆ ಒಡೆಯುತ್ತದೆ. ಏಕೆಂದು 1949ರಲ್ಲಿ ಹೆಲ್ಮುಟ್ ಹಾಸ್ ಎಂಬ ಜರ್ಮನ್ ಸಂಶೋಧಕ ತನ್ನ ಡಾಕ್ಟರೇಟ್ ಪ್ರಬಂಧದಲ್ಲಿ ತೋರಿಸಿದ. ಒಂದೇ ಸದ್ದು ಎರಡು ಕಡೆಯಿಂದ ಕ್ಷಣದ ಚೂರಿನಷ್ಟು ಅಂತರದಲ್ಲಿ ಬಂದರೆ, ಯಾವುದು ಮೊದಲು ಮುಟ್ಟಿತೋ ಅಲ್ಲಿಂದಲೇ ಎಲ್ಲ ಬಂತೆಂದು ಕಿವಿ ನಂಬುತ್ತದೆ; ತಡವಾಗಿ ಬಂದದ್ದು ಸ್ವಲ್ಪ ಜೋರಾಗಿದ್ದರೂ ಅದರ ದಿಕ್ಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ಮೀಟರ್ ದಾಟಲು ಶಬ್ದಕ್ಕೆ ಬೇಕಾಗುವುದು ಒಂದು ಸೆಕೆಂಡಿನ ಸಾವಿರದ ಮೂರು ಭಾಗದಷ್ಟು ಹೊತ್ತು. ಕುರ್ಚಿಯೊಂದನ್ನು ಸರಿಸಿದರೆ ಆಗುವ ವ್ಯತ್ಯಾಸ ಅಷ್ಟೇ, ಆದರೆ ಕಿವಿಗೆ ಅಷ್ಟು ಸಾಕು.

ಹಾಗಾಗಿ ತುಂಬಿದ ಸಭೆಗೆ ಎರಡು ಸ್ಪೀಕರ್ ಸಾಲವು. 1933ರ ಏಪ್ರಿಲ್‌ನಲ್ಲಿ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯಾದಲ್ಲಿ ನುಡಿಯುತ್ತಿದ್ದ ವಾದ್ಯವೃಂದವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಕೇಳಿಸಿದಾಗ ಬಳಸಿದ್ದು ಮೂರು ಮಾರ್ಗ: ಎಡ, ಬಲ, ನಡು. ಚಿತ್ರಮಂದಿರಗಳೂ ಮಾತಿಗೆ ನಡುವಿನ ಸ್ಪೀಕರನ್ನೇ ನೆಚ್ಚಿದವು. ಮೂಲೆಯಲ್ಲಿ ಕೂತವನಿಗೂ ಮಾತು ಪರದೆಯಿಂದಲೇ ಬರಲಿ ಎಂದು. ಸರೌಂಡ್ ಕೂಡ ಅಲ್ಲಿ ಒಂದಲ್ಲ; ಎರಡೂ ಪಕ್ಕದ ಗೋಡೆಗಳ ಉದ್ದಕ್ಕೂ, ಹಿಂಗೋಡೆಯಲ್ಲೂ ಸಾಲಾಗಿ ಇರುತ್ತವೆ. ಯಾರೊಬ್ಬರ ತಲೆಯ ಪಕ್ಕದಲ್ಲೂ ಇಡೀ ಮಳೆ ಸುರಿಯದಂತೆ ಹಂಚಿರುತ್ತಾರೆ. ಅಂದರೆ ಈ ತಂತ್ರದ ಅರ್ಧ ಇತಿಹಾಸ ನಡುವೆ ಕೂರಲಾಗದವರ ಸಲುವಾಗಿ ಪಟ್ಟ ಪಾಡು. ಅದನ್ನು ಮನೆಗೆ ತರುವಾಗ ನಾವು ಸಾಲನ್ನು ಒಂದಕ್ಕೆ ಇಳಿಸಿ, ನಡುವಿನದನ್ನು ಖಾನೆಗೆ ತಳ್ಳಿದ್ದೆವು.

ಆ ರಾತ್ರಿ ನಿದ್ದೆ ಬರಲಿಲ್ಲ. ಬ್ಯಾಗಿನಲ್ಲಿದ್ದದ್ದು ನನ್ನ ಪ್ರಬಂಧದ ಎರಡನೆಯ ಅಧ್ಯಾಯ, ಜಾನ್ ರಾಲ್ಸ್ ಬಗ್ಗೆ. 1971ರಲ್ಲಿ ಬಂದ 'ಎ ಥಿಯರಿ ಆಫ್ ಜಸ್ಟಿಸ್' ಪುಸ್ತಕದಲ್ಲಿ ರಾಲ್ಸ್ ಒಂದು ಕಲ್ಪನೆ ಮುಂದಿಡುತ್ತಾನೆ. ಸಮಾಜದ ನಿಯಮಗಳನ್ನು ಬರೆಯಲು ಕೂತವರ ಮುಂದೆ ಒಂದು ಅಜ್ಞಾನದ ಪರದೆ ಇದೆಯೆಂದುಕೊಳ್ಳಿ. ತಾವು ಬಡವರೋ ಸಿರಿವಂತರೋ, ಗಟ್ಟಿಗರೋ ದುರ್ಬಲರೋ ಅವರಿಗೆ ಗೊತ್ತಿಲ್ಲ. ಆಗ ಅವರು ಎಲ್ಲರಿಗಿಂತ ಕೆಳಗೆ ಬೀಳುವವನ ಸ್ಥಿತಿಯನ್ನು ಮೊದಲು ನೋಡಿ ನಿಯಮ ಬರೆಯುತ್ತಾರೆ, ಏಕೆಂದರೆ ಆ ಕೆಳಗೆ ಬೀಳುವವನು ತಾನೇ ಆಗಿರಬಹುದು. ಕೋಣೆಗೂ ಇದನ್ನು ಹಚ್ಚಬಹುದಲ್ಲ? ಮೂರು ಚೀಟಿ ಬರೆದು ಡಬ್ಬಿಗೆ ಹಾಕಿ, ಯಾರಿಗೆ ಯಾವ ಕುರ್ಚಿ ಎಂದು ತಿಳಿಯುವ ಮೊದಲೇ ಸ್ಪೀಕರಿನ ಜಾಗ ಗೊತ್ತುಮಾಡಿ ಎಂದಿದ್ದರೆ, ನಾವು ಯಾರೂ ಒಂದು ಕಿವಿಯಿಂದ ಮೂರಡಿಯೊಳಗೆ ನೇರ ಹೊಡೆಯುವ ಸ್ಪೀಕರ್ ಇಡುತ್ತಿರಲಿಲ್ಲ. ಮೈಕನ್ನು ಮೂರೂ ಕುರ್ಚಿಗೆ ಒಯ್ಯುತ್ತಿದ್ದೆವು. ಇದೇ ವಾದವನ್ನು ವಿದ್ಯಾರ್ಥಿಗಳಿಗೆ ನಾನು ಹತ್ತಾರು ಸಲ ವಿವರಿಸಿದ್ದೇನೆ. ಉದಾಹರಣೆಗೆ ತೆರಿಗೆ, ಮೀಸಲಾತಿ, ಆಸ್ಪತ್ರೆ ತೆಗೆದುಕೊಂಡಿದ್ದೇನೆ. ಬಾಗಿಲ ಪಕ್ಕದ ಕುರ್ಚಿ ಎಂದೂ ನೆನಪಾಗಿರಲಿಲ್ಲ.

ಬೆಳಿಗ್ಗೆ ಅಮ್ಮನ ಕುರ್ಚಿಯಲ್ಲಿ ಕೂತು ಅದೇ ಸಿನಿಮಾ ಮತ್ತೆ ಹಾಕಿದೆ. ಅರ್ಧ ಗಂಟೆಗೆ ತಲೆ ಎಡಕ್ಕೆ ಭಾರವಾಯಿತು. ಜಾತ್ರೆಯ ದೃಶ್ಯದಲ್ಲಿ ನಾಯಕ ಬಾಯಿ ಆಡಿಸುತ್ತಿದ್ದ, ನನಗೆ ಕೇಳುತ್ತಿದ್ದದ್ದು ಪೀಪಿ ಮಾರುವವನ ಸದ್ದು. ಅರ್ಥವಾಗದೆ ಕೂತವರು ಮಾಡುವುದನ್ನೇ ನಾನೂ ಮಾಡತೊಡಗಿದೆ: ಮುಖ ನೋಡಿ ಕಥೆ ಊಹಿಸುವುದು, ಬೇರೆಯವರು ನಕ್ಕಾಗ ನಗುವುದು, ಕೊನೆಗೆ ಅಡುಗೆಮನೆಯಲ್ಲಿ ಏನೋ ಕೆಲಸವಿದೆ ಎಂದು ಎದ್ದುಹೋಗುವುದು. 'ಅಮ್ಮನಿಗೆ ಸಿನಿಮಾ ಹುಚ್ಚಿಲ್ಲ' ಎಂದು ನಾವೆಲ್ಲ ಹೇಳಿಕೊಂಡು ಬಂದಿದ್ದೆವು. ಅವಳೂ ಅದನ್ನು ಒಪ್ಪಿಕೊಂಡಿದ್ದಳು. ಜಾಗದ ದೋಷವನ್ನು ಎರಡು ವರ್ಷ ಹೊತ್ತರೆ ಅದು ಸ್ವಭಾವವೆಂದು ಹೆಸರಾಗುತ್ತದೆ. ರಾಲ್ಸ್‌ನ ಪರದೆ ನನಗೆ ಈ ಕುರ್ಚಿ ಕೆಟ್ಟದ್ದೆಂದು ಹೇಳಬಲ್ಲದಾಗಿತ್ತು; ಅದರಲ್ಲಿ ಕೂತವರು ನಿಧಾನವಾಗಿ ಏನಾಗುತ್ತಾರೆ ಎಂಬುದು ಕೂತ ಮೇಲೆಯೇ ತಿಳಿದದ್ದು.

ಆದರೂ ಅಪ್ಪನ ಪರವಾಗಿ ಒಂದು ವಾದವಿದೆ, ಅದನ್ನು ತಳ್ಳಿಹಾಕಲು ನನ್ನಿಂದ ಆಗಲಿಲ್ಲ. ಮೂರೂ ಕುರ್ಚಿಗೆ ಸರಿದೂಗಿಸಿದರೆ ಯಾವ ಕುರ್ಚಿಯೂ ಪೂರ್ತಿ ಸರಿಯಾಗುವುದಿಲ್ಲ. ಒಂದು ಜಾಗದಲ್ಲಾದರೂ ಧ್ವನಿ ಅದನ್ನು ರೂಪಿಸಿದವರು ಬಯಸಿದ ಹಾಗೆ ಕೇಳಲಿ ಎಂಬ ಆಸೆ ಕ್ಷುಲ್ಲಕವಲ್ಲ. ನೆಲದಲ್ಲಿ ಕೂತು ಕುತ್ತಿಗೆ ನೋಯಿಸಿಕೊಂಡ ಹುಡುಗ ಜೀವಮಾನ ದುಡಿದು ಒಂದು ನಡುವಿನ ಕುರ್ಚಿ ಸಂಪಾದಿಸಿದರೆ, ಸಮಾನತೆಯ ಹೆಸರಿನಲ್ಲಿ ಅದನ್ನು ಮೊಂಡು ಮಾಡುವುದು ಯಾವ ನ್ಯಾಯ? ಎಲ್ಲರಿಗೂ ಒಂದೇ ಥರ ಮಂಕಾದ ಕೋಣೆ ಅಮ್ಮನಿಗೂ ಬೇಕಿರಲಿಲ್ಲ.

ನನಗೆ ಹೊಳೆದ ದಾರಿ ಧ್ವನಿಯನ್ನು ಎರಡಾಗಿ ನೋಡುವುದು. ಚಿತ್ರದಲ್ಲಿ ಮಾತಿದೆ, ಸೊಗಸಿದೆ. ಗುಂಡು ಸುಂಯ್ ಎನ್ನುವುದು, ಮಳೆ ಸುತ್ತಿಕೊಳ್ಳುವುದು ಸೊಗಸು. ಅದು ನಡುವೆ ಕೂತವರಿಗೆ ಹೆಚ್ಚು ಸಿಕ್ಕರೆ ಉಳಿದವರು ಸಹಿಸಬಹುದು, ಸರದಿಯ ಮೇಲೆ ಹಂಚಿಕೊಳ್ಳಲೂಬಹುದು. ಮಾತು ಹಾಗಲ್ಲ. ಮಾತು ಕೇಳದವರು ಕೋಣೆಯೊಳಗೆ ಇದ್ದೂ ಕಥೆಯ ಹೊರಗಿರುತ್ತಾರೆ. ಅದರಲ್ಲಿ ಹೆಚ್ಚು ಕಡಿಮೆಯ ಹಂಚಿಕೆ ನಡೆಯುವುದಿಲ್ಲ. ಅದು ಎಲ್ಲ ಕುರ್ಚಿಗೂ ಮುಟ್ಟಲೇಬೇಕು. ಒಬ್ಬರ ಸೊಗಸಿಗಾಗಿ ಇನ್ನೊಬ್ಬರ ಮಾತನ್ನು ತೆರಬಾರದು. ಮನೆಯಲ್ಲೂ ಹೊರಗೂ ಅನೇಕ ಜಗಳಗಳಲ್ಲಿ ನಾವು ಈ ಎರಡನ್ನು ಕಲಸಿಬಿಡುತ್ತೇವೆ ಎಂದು ನನಗೆ ಈಗ ಅನ್ನಿಸುತ್ತದೆ.

ಕೆಲಸ ಶುರುಮಾಡಿದೆ. ಸೆಂಟರ್ ಸ್ಪೀಕರನ್ನು ಖಾನೆಯಿಂದ ಹೊರತೆಗೆದು ಟಿವಿಯ ಬುಡಕ್ಕೆ ಏರಿಸಿ, ಮುಖ ಕಿವಿಯ ಕಡೆ ಬರುವಂತೆ ಹಿಂದಿನಿಂದ ಮುಂದಕ್ಕೆ ತುಸು ಎತ್ತಿ ವಾಲಿಸಿದೆ. ಸರೌಂಡುಗಳನ್ನು ಇನ್ನೂ ಒಂದಡಿ ಮೇಲೆ, ತುಸು ಹಿಂದಕ್ಕೆ ಒಯ್ದೆ. ಮುಖವನ್ನು ಹತ್ತಿರದ ಕುರ್ಚಿಯಿಂದ ತಪ್ಪಿಸಿ ಎದುರು ಗೋಡೆಯತ್ತ ತಿರುಗಿಸಿದೆ. ಏರಿಸಿದ್ದ 4 ಡೆಸಿಬಲ್ ಇಳಿಸಿದೆ. ಅಪ್ಪ ಬಂದು ಕೂತವರೇ, "ಎಡಗಡೆ ಮತ್ತೆ ಡಲ್ಲಾಯ್ತಲ್ಲೇ," ಎಂದರು.

ಅವರ ಕುರ್ಚಿಯಲ್ಲಿ ನಾನು ಕೂತು ಕೇಳಿದ್ದೆ. ಎರಡೂ ಕಡೆ ಸಮವಾಗಿತ್ತು. ಒಂದು ಕೆಲಸ ಮಾಡಿ ಎಂದೆ. ಕುರ್ಚಿಯನ್ನು ಪೂರ್ತಿ ತಿರುಗಿಸಿ, ಪರದೆಗೆ ಬೆನ್ನು ಮಾಡಿ ಕೂರಿಸಿದೆ. ಮಳೆಯ ದೃಶ್ಯ ಹಾಕಿದೆ. ಅಪ್ಪ ಕಣ್ಣುಮುಚ್ಚಿ ಕೇಳಿದರು. "ಈಗ ಬಾಗಿಲ ಕಡೇದು ಸರಿಯಾಯ್ತು. ಆ ಕಡೇದು ಡಲ್ಲು," ಎಂದರು. ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ತಿಳಿಯಿತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತಂತಿ, ಫ್ಯೂಸು, ಮೀಟರು ಅಂತ ದೋಷ ಎಲ್ಲಿದೆಯೆಂದು ಹುಡುಕಿದವರು ಅವರು. ಅದಲುಬದಲು ಮಾಡಿ ನೋಡುವುದು ಅವರೇ ನನಗೆ ಕಲಿಸಿದ ವಿದ್ಯೆ. ಸ್ಪೀಕರ್ ಇದ್ದಲ್ಲೇ ಇತ್ತು. ಡಲ್ಲು ಅವರ ಜೊತೆ ತಿರುಗಿತ್ತು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಎಡಗಿವಿಯ ಪಕ್ಕ ಬೆರಳುಗಳನ್ನು ಉಜ್ಜಿ ನೋಡಿಕೊಂಡರು.

ಹೇಳದೆ ಇರಬಹುದಿತ್ತು. 4 ಡೆಸಿಬಲ್ ವಾಪಸ್ ಏರಿಸಿದ್ದರೆ ಅವರು ನೆಮ್ಮದಿಯಿಂದ ಇರುತ್ತಿದ್ದರು. ಎರಡು ವರ್ಷದ ಹಿಂದೆ ನಾನು ಪ್ರೀತಿಯೆಂದು ಮಾಡಿದ್ದೂ ಅದನ್ನೇ. ಆದರೆ ಆ ಪ್ರೀತಿಯ ವೆಚ್ಚ ಅಮ್ಮನ ಲೆಕ್ಕಕ್ಕೆ ಹೋಗಿತ್ತು. ಒಬ್ಬರ ಕಿವಿಯ ಕೊರತೆಯನ್ನು ಕೋಣೆಯ ಕೊರತೆಯೆಂದು ತಿದ್ದಿದರೆ ಪಕ್ಕದವರು ಕಿವುಡಾಗುತ್ತಾರೆ.

ಮುಂದಿನ ತಿಂಗಳು ಅಪ್ಪ ಮೈಸೂರಿಗೆ ಬಂದರು. ನಾನು ಓದುವ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎಷ್ಟೋ ವರ್ಷ ಅದರ ಮುಂದೆ ಓಡಾಡಿದ್ದೇನೆ, ಒಳಗೆ ಹೋಗಿರಲಿಲ್ಲ. ಪರೀಕ್ಷೆಯಲ್ಲಿ ಎಡಗಿವಿಗೆ ಎತ್ತರದ ಸ್ವರಗಳು ಕಡಿಮೆ ಕೇಳುತ್ತವೆ ಎಂದು ತಿಳಿಯಿತು. ಸ, ಶ, ತ, ಕ ಮುಂತಾದ ವ್ಯಂಜನಗಳ ಸ್ಪಷ್ಟತೆ ಇರುವುದು ಬಹುಪಾಲು ಆ ಎತ್ತರದಲ್ಲೇ. ಅಪ್ಪ ಯಾವಾಗಲೂ ನನ್ನನ್ನು ಬಲಗಡೆ ನಡೆಯಲು ಬಿಡುತ್ತಿದ್ದದ್ದು ಏಕೆಂದು ವಾಪಸ್ ಬರುವಾಗ ಹೊಳೆಯಿತು.

ಊರಿಗೆ ಹೋಗಿ ಚೀಟಿ ಎತ್ತುವ ಅಗತ್ಯವೇ ಬೀಳಲಿಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರೆ ಅಪ್ಪನ ಒಳ್ಳೆಯ ಬಲಗಿವಿ ಕೋಣೆಯ ಕಡೆಗೆ, ಸೆಂಟರ್ ಸ್ಪೀಕರಿನ ಕಡೆಗೆ ಇರುತ್ತದೆ. ಎಡಗಿವಿಗೆ ಹತ್ತಿರವಾಗಿ ಸರೌಂಡ್ ಇರುತ್ತದೆ, ಯಾವ ಗುಂಡಿಯನ್ನೂ ಒತ್ತದೆ ಅದಕ್ಕೆ ಒಂದಿಷ್ಟು ಬಲ ಸಿಗುತ್ತದೆ. ನಾನು ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅಪ್ಪ ಏನೂ ಹೇಳಲಿಲ್ಲ. ಒಂದು ದಿನ ಪೂರ್ತಿ ನಡುವಿನ ಕುರ್ಚಿಯಲ್ಲೇ ಕೂತು ಪೇಪರ್ ಓದಿದರು. ಮಾರನೆಯ ಸಂಜೆ ತಾವಾಗಿ ಎಡಕ್ಕೆ ಸರಿದರು. "ನೆಲದಲ್ಲಿ ಕೂತು ನೋಡಿದವನಿಗೆ ಇದೇನು ಮಹಾ," ಎಂದರು. ಅದನ್ನು ಅವರು ಹೇಳಿದ ರೀತಿ ಕೇಳಿ, ಇದು ಅವರಿಗೆ ಏನೂ ಅಲ್ಲ ಎಂದು ನಾನು ನಂಬಲಾರೆ. ಎಲ್ಲ ಮನೆಯಲ್ಲೂ ಒಬ್ಬರ ಕಿವಿ ಇನ್ನೊಬ್ಬರ ಜಾಗಕ್ಕೆ ಹೀಗೆ ಒದಗಿಬರುವುದಿಲ್ಲ. ಆಗ ಯಾರಾದರೂ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟದ್ದು ಏನೆಂದು ಉಳಿದವರಿಗೆ ತಿಳಿದಿರಬೇಕು.

ಇನ್ನೊಂದು ಋಣ ಉಳಿದಿತ್ತು. ಪಕ್ಕದ ಮನೆಯ ಆಂಟಿ ಕಾಂಪೌಂಡಿನ ಹತ್ತಿರ ಸಿಕ್ಕಾಗ ನಗುತ್ತಲೇ ಹೇಳಿದರು: "ನಿಮ್ಮನೇಲಿ ಯುದ್ಧ ಶುರುವಾದ್ರೆ ನಮ್ಮ ಸ್ಟ್ಯಾಂಡಲ್ಲಿ ತಟ್ಟೆ ನಡುಗುತ್ತಮ್ಮ." ಅವರ ಮಗಳಿಗೆ ಆ ವರ್ಷ ಎರಡನೇ ಪಿಯುಸಿ. 40 ಹರ್ಟ್ಸ್ ಸ್ವರದ ಒಂದು ಅಲೆಯ ಉದ್ದ ಎಂಟೂವರೆ ಮೀಟರ್. ನಮ್ಮ ಕೋಣೆಯ ಉದ್ದಕ್ಕೆ ಎರಡರಷ್ಟು. ಅಂಥ ಸದ್ದಿಗೆ ಇಟ್ಟಿಗೆಯ ಗೋಡೆ ದೊಡ್ಡ ತಡೆಯಲ್ಲ. ಮಾತು ಗೋಡೆಯಲ್ಲಿ ಸೋಸಿಹೋಗುತ್ತದೆ, ಗುಡುಗು ದಾಟುತ್ತದೆ. ಆ ಹುಡುಗಿಯ ಪಾಲಿಗೆ ನಮ್ಮ ಎಲ್ಲ ಸಿನಿಮಾ ಬರೀ ಗುಡುಗು. ಮೂರು ಕುರ್ಚಿಗೆ ಮೂರು ಚೀಟಿ ಬರೆದ ನಾನು ಅವಳ ಹೆಸರಿನಲ್ಲಿ ಚೀಟಿ ಬರೆದಿರಲಿಲ್ಲ. ಪರದೆಯ ಹಿಂದೆ ಯಾರು ಯಾರನ್ನು ಕೂರಿಸಬೇಕು ಎಂಬುದನ್ನು ಪರದೆ ತಾನಾಗಿ ಹೇಳುವುದಿಲ್ಲ.

ಸಬ್‌ವೂಫರಿಗೆ ಜಾಗ ಹುಡುಕಲು ಹಳೆಯದೊಂದು ಉಪಾಯವಿದೆ. ಅದನ್ನು ತಂದು ನಾವು ಕೂರುವ ಕುರ್ಚಿಯಲ್ಲಿ ಕೂರಿಸಬೇಕು, ನಾವು ನೆಲದ ಮೇಲೆ ಅಂಬೆಗಾಲಿಡುತ್ತ ಕೋಣೆ ಸುತ್ತಬೇಕು. ಎಲ್ಲಿ ಸದ್ದು ಹಿತವಾಗಿ ಕೇಳುತ್ತದೋ ಅಲ್ಲಿ ಅದನ್ನು ಇಡಬೇಕು. ಅಪ್ಪ ಪಂಚೆ ಎತ್ತಿಕಟ್ಟಿ ಮೊಣಕಾಲೂರಿ ಹೊರಟರು, ಅಮ್ಮ ಬಾಗಿಲಲ್ಲಿ ನಿಂತು ಬಿದ್ದು ಬಿದ್ದು ನಕ್ಕಳು. ಪಕ್ಕದ ಮನೆಗೆ ತಾಗುವ ಗೋಡೆ ಬಿಟ್ಟು ಮೆಟ್ಟಿಲಿನ ಕಡೆ ಒಂದು ಜಾಗ ಸಿಕ್ಕಿತು. ಕೆಳಗೆ ರಬ್ಬರ್ ಹಾಸಿದೆವು. ರಾತ್ರಿ ಹೊತ್ತು ರಿಸೀವರಿನ ನೈಟ್ ಮೋಡ್ ಹಾಕುವುದೆಂದು ಒಪ್ಪಿಕೊಂಡೆವು. ಅದು ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣ ದನಿಯನ್ನು ಮೇಲೆತ್ತುತ್ತದೆ. ಆಂಟಿಯನ್ನು ಕೇಳಿದೆ. "ಈಗ ತಟ್ಟೆ ಸುಮ್ನಿದೆ," ಎಂದರು. ಪೂರ್ತಿ ಸುಮ್ಮನಿದೆಯೋ, ನಮ್ಮ ಮುಲಾಜಿಗೆ ಹಾಗೆಂದರೋ, ತಿಳಿಯಬೇಕಾದರೆ ಅವರ ಮನೆಯಲ್ಲಿ ಒಂದು ರಾತ್ರಿ ಕೂರಬೇಕು. ಕೂತಿಲ್ಲ ಇನ್ನೂ.

ಎಲ್ಲ ಮುಗಿದ ಮೇಲೆ ಮೈಕನ್ನು ಮೂರೂ ಕುರ್ಚಿಗೆ ಸರಿಸಿ ಅಳತೆ ತೆಗೆದೆ. ಬಲಗಡೆಯ ಬಟ್ಟೆ ರಾಶಿ ಎತ್ತಿ ನನಗೂ ಜಾಗ ಮಾಡಿಕೊಂಡೆ. ಆ ರಾತ್ರಿ ಅದೇ ಸಿನಿಮಾ. "ನಂಗ್ಯಾಕೆ ನಡುವೆ, ಪದೇ ಪದೇ ಏಳೋಳು," ಎಂದು ಅಮ್ಮ ಗೊಣಗುತ್ತ ಕೂತಳು. ಅರ್ಧದಲ್ಲಿ ಕುಕ್ಕರ್ ಕೂಗಿತು. ಅಪ್ಪನಿಗೆ ಕೇಳಲಿಲ್ಲ. ಅಮ್ಮ ಅವರ ತೋಳು ತಿವಿದಳು. ಅಪ್ಪ ಎದ್ದು ಹೋಗಿ ಗ್ಯಾಸ್ ಆರಿಸಿ ಬಂದರು.

ಕೊನೆಯ ದೃಶ್ಯ ಬಂತು. ಮಳೆ ಸುತ್ತ ಸುರಿಯಿತು. ಹುಡುಗ ತಾಯಿಯ ಕಿವಿಗೆ ಬಾಯಿ ತಂದ. ನಾನು ಪರದೆ ಬಿಟ್ಟು ಅಮ್ಮನ ಮುಖ ನೋಡುತ್ತಿದ್ದೆ. ಅವಳು ಕತ್ತು ಮುಂದೆ ಚಾಚದೆ, ಹುಬ್ಬು ಗಂಟಿಕ್ಕದೆ, ಸುಮ್ಮನೆ ಕೇಳಿಸಿಕೊಂಡಳು. ಹೆಸರುಗಳು ಮೇಲೇರತೊಡಗಿದವು.

"ಇಷ್ಟೇನಾ ಅವನು ಅಂದಿದ್ದು?" ಎಂದಳು. "ನಾನು ಇನ್ನೂ ಏನೇನೋ ಅಂದ್ಕೊಂಡಿದ್ದೆ."